ಆರು ಅಂಕಿಗೆ ಹತ್ತು ನಿಮಿಷ

ಉಗ್ರಪ್ಪ ಹೆಣದ ಬಲಗೈ ಹೆಬ್ಬೆರಳನ್ನು ಕರವಸ್ತ್ರದಲ್ಲಿ ಒರೆಸಿ ಮತ್ತೊಮ್ಮೆ ಸತ್ತವನ ಫೋನಿಗೆ ಒತ್ತಿದ. ತೆರೆಯಲಿಲ್ಲ. ಎಂಜಲು ಹಚ್ಚಿ ಒತ್ತಿದ. ಊಹೂಂ. ನೋಡುವವರಿಗೆ ಅವನು ಮಂಡಿಯೂರಿ ಅಳುತ್ತಿರುವಂತೆ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ತನ್ನ ಕಂಪನಿಯ ಲೆಕ್ಕ ಬರೆದವನ ಸಾವಿಗೆ ಧಣಿಯೇ ಬಂದು ಅಳುವುದೆಂದರೆ ಬೆಂಗಳೂರಿನ ವಿಜಯನಗರದ ಆ ಬೀದಿಗೆ ದೊಡ್ಡ ಮಾತು. ಮೂರನೆಯ ಸಲ ಅವನು ಸಿಟ್ಟಿನಲ್ಲಿ ಕೈ ಜಗ್ಗಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಗುರುಸಿದ್ದಯ್ಯ ಪಕ್ಕಕ್ಕೆ ವಾಲಿದ. ಎಡ ಅಂಗೈಯಲ್ಲಿಟ್ಟಿದ್ದ ಇಷ್ಟಲಿಂಗ ಜಾರಿ ನೆಲಕ್ಕೆ ಬಿತ್ತು.

ಆ ಸದ್ದಿಗೆ ಮಗಳು ವಚನಾ ತಿರುಗಿದಳು. ಕೈಗೆ ಸಿಕ್ಕಿದ್ದು ತಾಮ್ರದ ಚೊಂಬು. ಅದನ್ನೇ ಎತ್ತಿ ಉಗ್ರಪ್ಪನ ಬೆನ್ನಿಗೆ ಬಾರಿಸಿದಳು, ಅವನು ತಿರುಗಿದಾಗ ಭುಜಕ್ಕೆ ಬಾರಿಸಿದಳು.

"ಬಿಡ್ರೀ ಅಪ್ಪನ್ ಕೈನ! ಏನ್ ಮಾಡ್ತಾ ಇದೀರಾ?"

"ಓಟಿಪಿ ಕಣಮ್ಮ, ಓಟಿಪಿ! ಟ್ಯಾಕ್ಸ್ ನೋಟೀಸಿಗೆ ಉತ್ತರ ಹಾಕೋಕೆ ಇವತ್ತೇ ಲಾಸ್ಟು. ಸಂಜೆಯೊಳಗೆ ಹಾಕ್ದೇ ಇದ್ರೆ ಅಕೌಂಟ್ ಮುಟ್ಟುಗೋಲು ಹಾಕ್ತಾರೆ. ನಲವತ್ತು ಜನ ಕೆಲಸ ಮಾಡೋ ಕಂಪನಿ ಅದು."

ಹಿರಿಯರು ಸಾವಿನ ಮನೆಯಲ್ಲಿ ಗಲಾಟೆ ಬೇಡವೆಂದರು. ಹೆಂಡತಿ ಕಸ್ತೂರೆವ್ವ ಲಿಂಗವನ್ನು ಎತ್ತಿ, ಕಣ್ಣಿಗೊತ್ತಿ, ಗಂಡನ ಅಂಗೈಗಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ವಚನಾ ಫೋನನ್ನು ಕಿತ್ತುಕೊಂಡು ಬ್ಯಾಗಿಗೆ ಹಾಕಿಕೊಂಡಳು.

*

ಹತ್ತು ವರ್ಷದ ಹಿಂದೆ ಸರ್ಕಾರ ತೆರಿಗೆಯನ್ನೆಲ್ಲ ಪೋರ್ಟಲ್‌ಗೆ ಏರಿಸಿದಾಗ ಲಗ್ಗೆರೆಯಲ್ಲಿದ್ದ ಉಗ್ರಪ್ಪನ ತಗಡು ಒತ್ತುವ ಪ್ರೆಸ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತವನು ಗುರುಸಿದ್ದಯ್ಯ. ಹೆಸರು, ವಿಳಾಸ, ಎಲ್ಲ ತುಂಬಿ, "ಸಾರ್, ನಿಮ್ಮ ಮೊಬೈಲ್ ನಂಬರ್ ಕೇಳ್ತಾ ಇದೆ" ಎಂದ.

"ಹೊತ್ತಿಲ್ಲ ಗೊತ್ತಿಲ್ಲ, ಟಿಣ್ ಟಿಣ್ ಅಂತ ಓಟಿಪಿ ಬರ್ತಾ ಇದ್ರೆ ಯಾವನ್ ನೋಡ್ತಾನೆ? ನಿಂದೇ ಹಾಕ್ಕೊಳಯ್ಯ" ಎಂದಿದ್ದ ಉಗ್ರಪ್ಪ.

ಗುರುಸಿದ್ದಯ್ಯ ತನ್ನದೇ ಹಾಕಿದ. ಅಂದಿನಿಂದ ತಿಂಗಳ ಇಪ್ಪತ್ತನೇ ತಾರೀಕು ಅವನ ಮನೆಯಲ್ಲಿ ಒಂದು ವ್ರತವಾಯಿತು. ಸ್ನಾನ, ಶಿವಪೂಜೆ ಮುಗಿಸಿ ಹೋದರೆ ರಿಟರ್ನ್ ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆ ಬರುವವರೆಗೆ ತೊಟ್ಟು ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಕೊನೆಯ ದಿನವೆಂದು ಊರಿಗೆ ಊರೇ ನುಗ್ಗಿ ಪೋರ್ಟಲ್ ತೆರೆಯದೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಇವನು ಹಸಿದು ಕೂತಿರುತ್ತಿದ್ದ.

"ಅದೇನ್ ದೇವರೇನ್ರಿ, ಉಪಾಸ ಇರಾಕ?" ಎಂದು ಕಸ್ತೂರೆವ್ವ ರೇಗಿಸುವಳು. ಹಾವೇರಿಯ ಮಾತು ಅವಳಿಗಿನ್ನೂ ಬಿಟ್ಟಿರಲಿಲ್ಲ.

"ತಪ್ಪಾದ್ರೆ ನಲವತ್ತು ಜನದ ಸಂಬಳ ನಿಂತುಹೋಗುತ್ತೆ ಕಣೆ" ಎನ್ನುತ್ತಿದ್ದ. ಧಣಿಗಿಲ್ಲದ ಭಯಭಕ್ತಿಯೆಲ್ಲ ಗುಮಾಸ್ತನಿಗೆ!

*

ರುದ್ರಭೂಮಿಯಲ್ಲಿ ಗುಂಡಿ ಸಿದ್ಧವಾಗಿತ್ತು. ಗುರುಸಿದ್ದಯ್ಯನನ್ನು ಒಳಗೆ ಕೂರಿಸಿದರು. ಮಠದ ಅಯ್ಯನವರು ಹಣೆಗೆ ವಿಭೂತಿ ಬಳಿದರು. ಬಲ ಹುಬ್ಬಿನ ಮೇಲಿನ ಗಾಯದ ಕಡೆ ಮಾತ್ರ ವಿಭೂತಿ ಹತ್ತಲಿಲ್ಲ. ಅವರು ಎರಡು ಸಲ ದಪ್ಪಗೆ ಮೆತ್ತಬೇಕಾಯಿತು.

"ಆ ಹಾಳು ಮೆಟ್ಟಿಲು" ಎಂದು ಯಾರೋ ನಿಟ್ಟುಸಿರಿಟ್ಟರು.

ಗುಂಡಿಯ ಅಂಚಿನಲ್ಲಿದ್ದ ಬೈರಯ್ಯನಿಗೆ ತಡೆಯಲಾಗಲಿಲ್ಲ. ಅದೇ ಫ್ಯಾಕ್ಟರಿಯ ಹಳೆಯ ಫಿಟ್ಟರ್ ಅವನು. ಕಸ್ತೂರೆವ್ವನ ಕಾಲ ಬಳಿ ಕುಸಿದು ಕೂತ.

"ಮೆಟ್ಟಿಲಲ್ಲ ಕಣಕ್ಕ. ನಾನ್ ಅಲ್ಲೇ ಇದ್ದೆ. ಕೆಲಸ ಹೋಯ್ತದೆ ಅಂತ ಬಾಯ್ ಮುಚ್ಕೊಂಡಿದ್ದೆ. ನನ್ನ ಬಾಯಿಗೆ ಮಣ್ ಹಾಕ."

*

ಐದು ದಿನದ ಹಿಂದೆ ನೋಟೀಸನ್ನು ಪರದೆಯ ಮೇಲೆ ತೆರೆದುಕೊಂಡು ಉಗ್ರಪ್ಪ ಹೇಳಿದ್ದ: "ಕೊಳ್ಳದೇ ಇರೋ ಮಾಲಿಗೆ ಬಿಲ್ ತೋರ್ಸಿದ್ದೀರಿ ಅಂತ ಕೇಳ್ತಾವ್ರೆ. ಮಾಲೀಕರಿಗೆ ಗೊತ್ತಿಲ್ಲದ ಹಾಗೆ ಅಕೌಂಟೆಂಟ್ ಮಾಡ್ದ ಅಂತ ಉತ್ತರ ಹಾಕು."

ಬೈರಯ್ಯ ಬಾಗಿಲಲ್ಲಿ ನಿಂತಿದ್ದ. ಆ ಬಿಲ್ಲುಗಳನ್ನು ತಂದು ಕೊಟ್ಟವನು, ಹಾಕು ಎಂದು ಗದರಿದವನು ಯಾರೆಂದು ಮೂವರಿಗೂ ಗೊತ್ತಿತ್ತು.

"ಅದೊಂದು ಆಗಲ್ಲ ಸಾರ್" ಎಂದ ಗುರುಸಿದ್ದಯ್ಯ.

ಇಪ್ಪತ್ತೆರಡು ವರ್ಷದಲ್ಲಿ ಅವನು ಆಗಲ್ಲ ಎಂದದ್ದು ಅದೇ ಮೊದಲು. ಹಾಳೆಗೆ ತೂತು ಹೊಡೆಯುವ ಕಬ್ಬಿಣದ ಪಂಚಿಂಗ್ ಮಷೀನು ಮೇಜಿನ ಮೇಲಿತ್ತು. ಉಗ್ರಪ್ಪ ಅದನ್ನೇ ಬೀಸಿ ಹೊಡೆದ. ರಕ್ತ ಕೀಬೋರ್ಡಿನ ಮೇಲೆಲ್ಲ ಚಿಮ್ಮಿತು. ಗುರುಸಿದ್ದಯ್ಯ ಎದ್ದು, ಮುಖ ತೊಳೆದುಕೊಂಡು, ಬಸ್ಸು ಹತ್ತಿ ಮನೆಗೆ ಬಂದ. ಐವತ್ತೆಂಟರಲ್ಲಿ ಇನ್ನೊಬ್ಬನಿಂದ ಏಟು ತಿಂದೆ ಎಂದು ಹೆಂಡತಿಗೆ, ಬೆಳೆದ ಮಗಳಿಗೆ ಹೇಳಲು ಅವನಿಗೆ ನಾಚಿಕೆಯಾಯಿತು. ಮೆಟ್ಟಿಲು ಜಾರಿತು ಎಂದ. ಡಾಕ್ಟರಿಗೂ ಅದನ್ನೇ ಹೇಳಿದ. ನಾಲ್ಕನೆಯ ದಿನ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಹೋಗಿಬಿಟ್ಟ.

*

ವಚನಾ ಅಳಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಫಿಟ್ಟರ್ ಹೇಳಿದ ಮಾತನ್ನು ನಾಳೆ ಸುಳ್ಳೆಂದು ಸಾಧಿಸುವುದು ಧಣಿಗೆ ಕಷ್ಟವಲ್ಲ. ಅವನ ಬಾಯಿಂದಲೇ ಬರಬೇಕು. ಗೇಟಿನ ಬಳಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಉಗ್ರಪ್ಪನನ್ನು ಕರೆದಳು.

"ಓಟಿಪಿ ಕಳಿಸಿ. ನಂಬರ್ ಹೇಳ್ತೀನಿ."

ಅವನು ಅವಸರದಲ್ಲಿ ಬಂದು, ಗೋರಿಯೊಂದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದ. ಬ್ಯಾಗಿನಲ್ಲಿ ಫೋನು ಟಿಣ್ ಎಂದಿತು. ಬೀಗ ತೆರೆಯುವುದು ಅವಳಿಗೆ ಗೊತ್ತಿತ್ತು.

"ಬಂತು. ಹತ್ತು ನಿಮಿಷ ಅಂತಿದೆ. ಮೊದ್ಲು ನೀವ್ ಹೇಳಿ, ಅಪ್ಪನ ಹಣೆಗೆ ಏನಾಯ್ತು?"

"ಮೆಟ್ಟಿಲಿಂದ ಬಿದ್ದ ಅಲ್ವೇನಮ್ಮ..."

"ಒಂಬತ್ತು ನಿಮಿಷ."

ಉಗ್ರಪ್ಪ ಸುತ್ತಲಿದ್ದವರನ್ನು ನೋಡಿದ. ನಕ್ಕ. ಆಮೇಲೆ ಒಮ್ಮೆಗೇ ಹಾರಿ ಅವಳ ಮಣಿಕಟ್ಟು ಹಿಡಿದು ತಿರುಚಿದ. ಬೈರಯ್ಯ ಅವನ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆಳೆದು ಮಣ್ಣಿನ ರಾಶಿಯ ಮೇಲೆ ಕೆಡವಿದ.

"ಆರು ನಿಮಿಷ" ಎಂದಳು ವಚನಾ. ಫೋನನ್ನು ಇನ್ನೊಂದು ಕೈಗೆ ದಾಟಿಸಿಕೊಂಡಳು.

"ಬೇಡಮ್ಮ, ಕಂಪನಿ ಮುಳುಗೋಗುತ್ತೆ..."

"ನಾಕು."

"ಹೊಡ್ದೆ!" ಎಂದು ಉಗ್ರಪ್ಪ ಚೀರಿದ. "ಹೊಡ್ದೆ ಕಣೇ, ಏನೀಗ? ಒಂದೇ ಏಟು! ಸಾಯ್ಲಿ ಅಂತ ಹೊಡೀಲಿಲ್ಲ. ಈಗ್ಲಾದ್ರೂ ಹೇಳು, ಆರು ನಂಬರ್ ಹೇಳು!"

ಅರವತ್ತು ಎಪ್ಪತ್ತು ಜನ ಕೇಳಿಸಿಕೊಂಡರು. ಅವನಿಗೆ ಅದರ ಅರಿವೇ ಇದ್ದಂತಿರಲಿಲ್ಲ. ಕಣ್ಣು ಫೋನಿನ ಮೇಲೆಯೇ ಇತ್ತು. ಕಸ್ತೂರೆವ್ವ ಸಲಿಕೆ ಎತ್ತಿಕೊಂಡದ್ದನ್ನು ಯಾರೂ ನೋಡಲಿಲ್ಲ. ಅದರ ಹಿಡಿ ಅವನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದಾಯಿತು. ಆಮೇಲೆ ಬೈರಯ್ಯ ಒದ್ದ, ಆಮೇಲೆ ಯಾರು ಯಾರೋ ಒದ್ದರು. ಬಿಡಿಸಲು ಯಾರಿಗೂ ಮನಸ್ಸು ಬರಲಿಲ್ಲ, ನಿಜ ಹೇಳಬೇಕೆಂದರೆ.

"ಸಾಕು ಬಿಡ್ರಿ, ಜೀವಂತ ಇರ್ಲಿ" ಎಂದಳು ಕಸ್ತೂರೆವ್ವ. ಮಣ್ಣೆಳೆಯಲು ಬಗ್ಗಿದ್ದವರನ್ನು ತಡೆದಳು. "ಮುಚ್ಚಬ್ಯಾಡ್ರಿ. ಪೊಲೀಸ್ನೋರು ಬಂದು ನೋಡ್ಲಿ. ಮ್ಯಾಲೆ ಎತ್ರಿ ಅವರನ್ನ."

"ಸಮಾಧಿಗೆ ಕೂರಿಸಿದವರನ್ನು ಎತ್ತಬಾರದು ತಾಯಿ" ಎಂದರು ಅಯ್ಯನವರು.

"ಪಾಪ ನನಗ ಇರ್ಲಿ ಅಜ್ಜಾರ."

ಬೈರಯ್ಯ ಗುಂಡಿಗಿಳಿದ. ಗುರುಸಿದ್ದಯ್ಯನನ್ನು ಎತ್ತಿ ತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಶಾಲಿನಲ್ಲಿ ಕಟ್ಟಿದರು. ಎದುರಿಗೆ, ಕೈ ಕಟ್ಟಿಸಿಕೊಂಡ ಧಣಿ ನೆಲದ ಮೇಲೆ ರಕ್ತ ಉಗುಳುತ್ತ ಕೂತಿದ್ದ. ವಚನಾ ಪೊಲೀಸರಿಗೆ ಫೋನಿನಲ್ಲಿ ವಿಳಾಸ ಹೇಳುತ್ತಿದ್ದಳು. ಕಸ್ತೂರೆವ್ವ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಗಂಡನ ಹಣೆಯ ವಿಭೂತಿಯನ್ನು ಗಾಯ ಚೆನ್ನಾಗಿ ಕಾಣುವಂತೆ ಒರೆಸತೊಡಗಿದಳು.