ಕೆಳಗಿನ ಅಂಕಿ

ನನಗೆ ಬಾಯಿ ಇದೆ, ಹಲ್ಲಿಲ್ಲ. ಬೆರಳನ್ನು ಕಚ್ಚಿ ಹಿಡಿಯುತ್ತೇನೆ, ಯಾರಿಗೂ ನೋವಾಗಿಲ್ಲ. ಬಾಯಿಯೊಳಗೆ ಒಂದು ಕೆಂಪು ದೀಪವಿದೆ. ಅದರ ಬೆಳಕು ಉಗುರಿನಿಂದ ಒಳಹೊಕ್ಕು, ಮಾಂಸ, ರಕ್ತ ದಾಟಿ, ಬೆರಳಿನ ಇನ್ನೊಂದು ಬದಿಗೆ ಬರುತ್ತದೆ. ಬರುವಾಗ ಎರಡು ಸುದ್ದಿ ತರುತ್ತದೆ. ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆ ಎಂಬುದು ಒಂದು. ಅದನ್ನು ಮೇಲೆ ಬರೆಯುತ್ತೇನೆ. ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದು ಇನ್ನೊಂದು. ಅದನ್ನು ಕೆಳಗೆ ಬರೆಯುತ್ತೇನೆ. ನಾನು ಒಂದು ಆಕ್ಸಿಮೀಟರ್. ಈ ಎರಡು ಅಂಕಿಗಳಲ್ಲದೆ ನನಗೆ ಬೇರೆ ಮಾತು ಬರುವುದಿಲ್ಲ.

ಹುಟ್ಟಿದ ಊರಿನ ಹೆಸರು ಗೊತ್ತಿಲ್ಲ. ಉದ್ದನೆಯ ಕೋಣೆ, ತಲೆಗೆ ಬಿಳಿ ಟೋಪಿ ಹಾಕಿದ ಹೆಂಗಸರು. ಕೊನೆಯ ಮೇಜಿನವಳು ತನ್ನ ಬೆರಳನ್ನೇ ನನ್ನ ಬಾಯಿಗಿಟ್ಟಳು. ಮೇಲೆ ತೊಂಬತ್ತೆಂಟು, ಕೆಳಗೆ ಎಪ್ಪತ್ತೊಂಬತ್ತು. ಅವಳು ಎರಡನ್ನೂ ನೋಡಿ, ತಲೆಯಾಡಿಸಿ, ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಎರಡನ್ನೂ ನೋಡುವವರು ಆಮೇಲೆ ಬಹಳ ಕಾಲ ಸಿಗಲಿಲ್ಲ.

ಕೊರೊನಾದ ಎರಡನೆಯ ಅಲೆಯ ಬೇಸಿಗೆಯಲ್ಲಿ ಬಳ್ಳಾರಿಗೆ ಬಂದೆ. ಜೀನ್ಸ್ ಹೊಲಿಯುವ ಶೆಡ್ ನಡೆಸುತ್ತಿದ್ದ ಗಾದಿಲಿಂಗಪ್ಪ ನನ್ನನ್ನು ಔಷಧಿ ಅಂಗಡಿಯಿಂದ ಕೊಂಡು ತಂದ. ಬೆಳಿಗ್ಗೆ ಕೆಲಸಕ್ಕೆ ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಬೆರಳು ಹಿಡಿಯುತ್ತಿದ್ದ.

"ಎಷ್ಟೈತಿ?"

"ತೊಂಬತ್ತೇಳು, ಅಣ್ಣಾ."

"ನಡಿ ಒಳಗ."

ಕೆಳಗಿನ ಅಂಕಿಯನ್ನು ಯಾರೂ ಕೇಳಲಿಲ್ಲ. ಹಾಗಾಗಿ ಅದು ನನ್ನ ಸ್ವಂತ ಕುತೂಹಲವಾಯಿತು. ಮೆಟ್ಟಿಲು ಓಡಿ ಹತ್ತಿ ಇಳಿದವರದು ನೂರು ದಾಟುತ್ತಿತ್ತು. ಬೀಡಿ ಸೇದಿ ಬಂದವನದು ನಿಂತಲ್ಲೇ ತೊಂಬತ್ತೈದು. ಜ್ವರ ಬಂದವರದು ಮೈ ಬಿಸಿಯ ಜೊತೆಗೇ ಏರುತ್ತಿತ್ತು. ನನ್ನನ್ನು ಕಂಡ ಭಯಕ್ಕೇ ಕೆಲವರದು ಹತ್ತು ಹೆಚ್ಚಾಗುತ್ತಿತ್ತು. ಬಟ್ಟೆ ಕತ್ತರಿಸುವ ಮಾಸ್ತರ ಈರಣ್ಣನದು ಮಾತ್ರ ಯಾವಾಗಲೂ ಅರವತ್ತನಾಲ್ಕು. ನೂರು ಮಡಿಕೆ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಕತ್ತರಿಸುವವನ ಹೃದಯ ಹಾಗೆಯೇ ಇರಬೇಕು ಅಂದುಕೊಂಡೆ.

ಒಂದು ದಿನ ಈರಣ್ಣ ಕೆಲಸಕ್ಕೆ ಬರಲಿಲ್ಲ. ಗಾದಿಲಿಂಗಪ್ಪ ನನ್ನನ್ನು ಅವನ ಮನೆಗೆ ಕಳಿಸಿದ. ಈರಣ್ಣನ ಹೆಂಡತಿ ಹುಲಿಗೆಮ್ಮ ಅದೇ ಶೆಡ್ಡಿನ ಮಹಡಿಯಲ್ಲಿ ಜೇಬು ಹೊಲಿಯುತ್ತಿದ್ದವಳು. ನನ್ನನ್ನು ಗಂಡನ ಬೆರಳಿಗೆ ಹಾಕಿ, ಯಾವ ಅಂಕಿ ಏನೆಂದು ತಿಳಿಯದೆ ಎರಡನ್ನೂ ಓದಿದಳು.

"ಕೆಳಗಿಂದು ಬಿಡು," ಅಂದ ಈರಣ್ಣ. "ಮ್ಯಾಲಿಂದು ಅಷ್ಟ ನೋಡು. ಅದು ತೊಂಬತ್ತೈದು ಇದ್ರ ನಾವು ಗೆದ್ವಿ."

ತೊಂಬತ್ತಮೂರು ಇತ್ತು. ಮರುದಿನ ಎಂಬತ್ತೊಂಬತ್ತು. ಅದರ ಮರುದಿನ ಮಧ್ಯಾಹ್ನ ಎಂಬತ್ತೆರಡು. ಕೆಳಗೆ ನಾನು ನೂರ ಮೂವತ್ತು ಎಂದು ಬರೆದಿದ್ದೆ. ಆಂಬುಲೆನ್ಸಿನಲ್ಲಿ ಅವನ ಜೊತೆ ನಾನೂ ಹೋದೆ. ಆರು ದಿನದ ಮೇಲೆ, ಅವನ ಮೊಬೈಲು ಮತ್ತು ಬೆಲ್ಟಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ನಾನು ಮನೆಗೆ ಬಂದೆ. ಅವನು ಬರಲಿಲ್ಲ.

ಗಾದಿಲಿಂಗಪ್ಪ ನನ್ನನ್ನು ವಾಪಸು ಕೇಳಲಿಲ್ಲ. ಸತ್ತವನ ಬೆರಳಿಗೆ ಹಾಕಿದ ವಸ್ತು. ಹುಲಿಗೆಮ್ಮ ನನ್ನ ಸೆಲ್ ತೆಗೆದು, ಗುಂಡಿ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. ಅವಳು ಅತ್ತದ್ದನ್ನು ನಾನು ನೋಡಿಲ್ಲ.

ಡಬ್ಬಿಯಲ್ಲಿ ಹಿತ್ತಾಳೆ ಗುಂಡಿಗಳು, ಮುರಿದ ಸೂಜಿಗಳು, ಮತ್ತು ಬಟ್ಟೆಯ ಮೇಲೆ ಗೆರೆ ಎಳೆಯಲು ಈರಣ್ಣ ಬಳಸುತ್ತಿದ್ದ ಸೀಮೆಸುಣ್ಣದ ತುಂಡುಗಳಿದ್ದವು. ಬಿಳಿಯವು, ಚಪ್ಪಟೆ, ಬಿಸ್ಕತ್ತಿನಷ್ಟು. ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದೆ. ಮೊದಲ ವರ್ಷ ಯಾರೂ ಡಬ್ಬಿ ತೆಗೆಯಲಿಲ್ಲ. ಎರಡನೆಯ ವರ್ಷ ಒಂದು ವಿಚಿತ್ರ ಕಂಡೆ. ಆಗಾಗ ಮುಚ್ಚಳ ತೆರೆಯುತ್ತಿತ್ತು, ಹುಲಿಗೆಮ್ಮನ ಕೈ ಬರುತ್ತಿತ್ತು, ಒಂದು ತುಂಡು ಹೋಗುತ್ತಿತ್ತು. ಎಲ್ಲ ಮುಗಿದಾಗ ಶೆಡ್ಡಿನಿಂದ ಹೊಸವು ಬಂದವು. ಅವೂ ಹೋದವು. ಮನೆಯಲ್ಲಿ ಬಟ್ಟೆ ಕತ್ತರಿಸುವವರು ಈಗ ಯಾರೂ ಇರಲಿಲ್ಲ. ಇಷ್ಟೊಂದು ಗೆರೆ ಎಲ್ಲಿ ಎಳೆಯುತ್ತಾಳೆ ಎಂದು ಗುಂಡಿಗಳ ನಡುವೆ ಮಲಗಿ ಯೋಚಿಸುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ಆ ಕೈ ಸೀಮೆಸುಣ್ಣ ಬಿಟ್ಟು ನನ್ನನ್ನು ಎತ್ತಿತು. ಹೊಸ ಸೆಲ್ ಹಾಕಿ ನನ್ನ ಬಾಯಿಗೆ ಬೆರಳಿಟ್ಟಳು. ಬೆರಳು ತಣ್ಣಗಿತ್ತು. ಮೇಲೆ ತೊಂಬತ್ತೆಂಟು ಬರೆದೆ. "ಸರಿ ಐತಿ," ಅಂದು ತೆಗೆದಳು. ಕೆಳಗೆ ನೂರ ಇಪ್ಪತ್ತೊಂದಿತ್ತು. ಅವಳು ಮೆಟ್ಟಿಲು ಹತ್ತಿರಲಿಲ್ಲ. ಜ್ವರವಿರಲಿಲ್ಲ. ಬೀಡಿಯಂತೂ ಇಲ್ಲ. ಗೋಡೆಗೊರಗಿ ಸುಮ್ಮನೆ ಕೂತಿದ್ದಳು.

ಅಂದಿನಿಂದ ನನ್ನನ್ನು ಊಟದ ಚೀಲದಲ್ಲಿ ಹಾಕಿಕೊಂಡು ಶೆಡ್ಡಿಗೆ ಒಯ್ಯತೊಡಗಿದಳು. ಎದೆ ಬಡಿದುಕೊಂಡಾಗಲೆಲ್ಲ ತೆಗೆದು ಮೇಲಿನದನ್ನು ನೋಡಿ, ಒಳಗಿಡುತ್ತಿದ್ದಳು. ಹೀಗೆ ಮೂರು ತಿಂಗಳು. ನಾನು ದಿನವೂ ಕೆಳಗೆ ಬರೆದೆ: ನೂರ ಹದಿನೆಂಟು, ನೂರ ಇಪ್ಪತ್ತೆರಡು, ನೂರ ಇಪ್ಪತ್ತು. ದೊಡ್ಡದಾಗಿ ಬರೆಯಲು ನನಗೆ ಬರುವುದಿಲ್ಲ.

ಪಕ್ಕದ ಮಷಿನ್ನಿನ ಮಾಬುನ್ನಿ ಮೆಟ್ಟಿಲ ಮೇಲೆ ಅವಳನ್ನು ಹಿಡಿದಳು. "ಏನಬೇ ಹುಲಿಗೆವ್ವ, ಹದಿನಾಕು ಮೆಟ್ಲಿಗೆ ಮೂರು ಸ್ಟಾಪು ಕೊಡಾಕತ್ತಿಯಲ್ಲ? ಪ್ಯಾಸೆಂಜರ್ ಗಾಡಿ ಆಗಿಯೇನು?"

"ಎದಿ ಬಡಕೊಳ್ತೈತಿ."

ಕೆಳಗಿದ್ದ ಗಾದಿಲಿಂಗಪ್ಪ ಕೇಳಿಸಿಕೊಂಡ. "ಚಿಂತಿ, ತಂಗೀ. ಈರಣ್ಣ ಹೋದಾಗಿಂದ ನೀ ಬಾಯಿ ಬಿಟ್ಟು ಅತ್ತಾಕಿ ಅಲ್ಲ. ಒಳಗ ಕುಂತೈತಿ ಅದು. ಎರಡು ದಿನ ಮನ್ಯಾಗಿರು." ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಅವನು ಹೋದ ಮೇಲೆ ಮಾಬುನ್ನಿ, "ಡಾಕ್ಟರಿಗೆ ತೋರಿಸು," ಅಂದಳು.

"ಬಡಕೊಳ್ಳಲಿ ಬಿಡಬೇ. ಅಳಾಕಂತೂ ಬರಲಿಲ್ಲ ನನಗ. ಇಷ್ಟಾದ್ರೂ ಆಗ್ಲಿ ಅವರ ಸಲುವಾಗಿ."

ಆಗ ನನಗೆ ಗೊತ್ತಾಯಿತು. ಆ ಬಡಿತವನ್ನು ಅವಳು ಗಂಡನ ಪಾಲು ಎಂದು ಇಟ್ಟುಕೊಂಡಿದ್ದಳು. ತೆಗೆಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಈರಣ್ಣನ ತಾಯಿ ಹಂಪಮ್ಮ ಮನೆಯಲ್ಲೇ ಕೂತು ಜೀನ್ಸಿನ ಉಳಿದ ದಾರ ಕತ್ತರಿಸುತ್ತಿದ್ದಳು. ಅಕ್ಷರ ಬಾರದು. ಬಂಡಲ್ ಚೀಟಿ ನೋಡಿ ನೋಡಿ ಅಂಕಿ ಬರುತ್ತಿತ್ತು. ಒಂದು ರಜೆಯ ದಿನ ಸೊಸೆ ನನ್ನನ್ನು ಬೆರಳಿಗೆ ಹಾಕಿಕೊಂಡಾಗ ಕತ್ತರಿ ಕೆಳಗಿಟ್ಟಳು.

"ಕೊಡಿಲ್ಲಿ, ನಂದೂ ನೋಡೋಣು."

ಅವಳ ಬೆರಳು ಒರಟು, ಬೆಚ್ಚಗಿತ್ತು. ತೊಂಬತ್ತೇಳು. ಎಪ್ಪತ್ತಾರು.

"ನಂದು ಏಳು ಆರು ಐತಿ. ನಿಂದು ಒಂದು ಎರಡು ನಾಕು ಇತ್ತಲ್ಲ?"

"ಅದು ಕೆಳಗಿಂದು, ಅತ್ತಿ. ಅದನ್ನ ನೋಡಂಗಿಲ್ಲ."

"ಯಾಕ ನೋಡಂಗಿಲ್ಲ?"

"ಅವರು ಹೇಳಿದ್ರು."

"ನೋಡಬಾರದ್ದನ್ನ ಅದರಾಗ ಯಾಕ ಬರದಾರ?"

ಹಂಪಮ್ಮ ಒಂದು ಕೈಯನ್ನು ತನ್ನ ಎದೆಗೆ, ಇನ್ನೊಂದನ್ನು ಸೊಸೆಯ ಎದೆಗೆ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಕೂತಳು.

"ಹೊಲಿಯೋ ಮಷಿನ್ ಓಡಿದಂಗ ಓಡಾಕತ್ತೈತಿ ನಿಂದು."

"ಚಿಂತಿಗೆ, ಅತ್ತಿ. ಎಲ್ಲಾರೂ ಅಂತಾರ."

"ಚಿಂತಿಗೆ ಓಡದಾದ್ರ ನಂದು ನಿನಗಿಂತ ಮುಂದ ಓಡಬೇಕಾಗಿತ್ತು. ಅವನ್ನ ಹೊತ್ತು ಹಡದಾಕಿ ನಾನು. ನಂದು ಯಾಕ ಎಪ್ಪತ್ತಾರು ಐತಿ? ನಾನು ಮರತೀನೇನು ಅವನ್ನ?"

ಬಾಯಲ್ಲಿ ಬೆರಳಿಲ್ಲದೆ ತುಸು ಹೊತ್ತಾಗಿತ್ತು. ನನ್ನ ದೀಪ ತಾನೇ ಆರಿತು.

"ಮ್ಯಾಲಿಂದು ನೋಡ್ಕೋತ ಕುಂತು ಒಬ್ಬಾವನ್ನ ಕಳಕೊಂಡೀನಿ," ಅಂದಳು ಹಂಪಮ್ಮ, ಸೆರಗು ಕೊಡವುತ್ತ. "ಕೆಳಗಿಂದು ನೋಡಲಾರದ ನಿನ್ನೂ ಕಳಕೊಳ್ಳಾಕ ನನ್ನ ಕಡೆ ಆಗಂಗಿಲ್ಲ. ನಾಳೆ ದವಾಖಾನಿಗೆ ನಡಿ."

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ನಸೀಮಾ ನನ್ನನ್ನು ಕಂಡು ನಕ್ಕರು. "ಇದನ್ನ ಇನ್ನೂ ಇಟ್ಕೊಂಡಿದ್ದೀರಾ?" ನನ್ನ ಎರಡೂ ಅಂಕಿ ನೋಡಿದರು. ಆದರೂ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು. ನೂರ ಇಪ್ಪತ್ತೆರಡು. ನಾನೂ ಅಷ್ಟೇ ಬರೆದಿದ್ದೆ.

"ಸುಮ್ಮನೆ ಕೂತಾಗ ಅರವತ್ತರಿಂದ ನೂರರೊಳಗೆ ಇರಬೇಕು. ಯಾಕೆ ಓಡ್ತಿದೆ ಅಂತ ಹುಡುಕೋಣ."

ಆ ಹುಡುಕಾಟ ನನಗೆ ಬಹಳ ಹಿಡಿಸಿತು. ಜ್ವರ ನೋಡಿದರು, ಇಲ್ಲ. ಕೆಮ್ಮು ಕೇಳಿದರು, ಇಲ್ಲ. ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಥೈರಾಯ್ಡ್ ಜಾಸ್ತಿಯಾದರೆ ಕೈ ನಡುಗಿ ಹಾಳೆ ಅದುರುತ್ತದಂತೆ. ಅದುರಲಿಲ್ಲ; ಆದರೂ ಪರೀಕ್ಷೆಗೆ ಬರೆದರು. ದಮ್ಮಿಗೆ, ತೂಕ ಇಳಿಸುವುದಕ್ಕೆ ಅಂತ ಏನಾದರೂ ಔಷಧಿ ಇದೆಯೇ? ಇಲ್ಲ. ಬಡಿತ ಸ್ವಿಚ್ ಒತ್ತಿದ ಹಾಗೆ ಫಕ್ಕನೆ ಶುರುವಾಗಿ ಫಕ್ಕನೆ ನಿಲ್ಲುತ್ತದೆಯೇ? ಇಲ್ಲ, ಯಾವಾಗಲೂ ಇರುತ್ತದೆ. ಇ.ಸಿ.ಜಿ. ಕಾಗದ ಉದ್ದಕ್ಕೆ ಹೊರಬಂತು. "ತಾಳ ತಪ್ಪಿಲ್ಲ. ವೇಗ ಮಾತ್ರ ಹೆಚ್ಚು," ಅಂದರು.

"ಟೀ ಎಷ್ಟು ಸಲ?"

"ಆರು ಸಲ ರೀ."

"ನೀರು?"

ಹಂಪಮ್ಮ ಹೇಳಿದಳು, "ಶೆಡ್ಡಿನ್ಯಾಗ ಹೆಂಗಸರಿಗೆ ಪಾಯಖಾನಿ ಇಲ್ರೀ. ಮುಂಜಾನಿ ಒಂದು ಚಂಬು ಕುಡುದ್ರ ಮತ್ತ ಸಂಜಿಗೇ."

ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಹಳ ಹೊತ್ತು ನೋಡಿದರು. "ಹಸಿ ಅಕ್ಕಿ, ಮಣ್ಣು, ಐಸು, ಇಂಥದ್ದೇನಾದ್ರೂ ತಿನ್ನಬೇಕು ಅನ್ಸುತ್ತಾ?"

ಹುಲಿಗೆಮ್ಮ ತಲೆ ತಗ್ಗಿಸಿದಳು. "ಸೀಮಿಸುಣ್ಣ," ಅಂದಳು. "ಅವರ ಡಬ್ಬಿದು."

ನನ್ನ ಒಂದು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳು ಗೆರೆ ಎಳೆದಿರಲಿಲ್ಲ. ತಿಂದಿದ್ದಳು.

"ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಹೀಗೆ ಆಸೆ ಆಗುತ್ತೆ, ನಾಚಿಕೆ ಬೇಡ. ಮುಟ್ಟಿನಲ್ಲಿ ಹೆಚ್ಚು ಹೋಗುತ್ತಾ?"

ಅದಕ್ಕೂ ಅತ್ತೆಯೇ ಬಾಯಿ ಹಾಕಿದಳು. "ಮುಟ್ಟಿಗೆ ಅಂತ ಜೇಬಿನ ಬಟ್ಟಿ ತುಂಡು ಒಂದು ಚೀಲ ತಂದ್ರ ಮೊದಲು ನಾಕು ತಿಂಗಳು ಬರ್ತಿತ್ತು. ಈಗ ಒಂದು ತಿಂಗಳಿಗೇ ಖಾಲಿ. ನನಗೆ ಕಾಣಂಗಿಲ್ಲ ಅಂದ್ಕೊಂಡಾಳ."

ರಕ್ತ ಪರೀಕ್ಷೆಯಲ್ಲಿ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆರೂವರೆ ಬಂತು. ಹನ್ನೆರಡಾದರೂ ಇರಬೇಕಾಗಿತ್ತು.

"ಇದು ತೊಂಬತ್ತೆಂಟು ತೋರಸ್ತಿತ್ತಲ್ರೀ," ಎಂದು ಹುಲಿಗೆಮ್ಮ ನನ್ನ ಕಡೆ ನೋಡಿದಳು. ನನಗೆ ಅವಮಾನವಾಯಿತು.

"ಅದು ಸುಳ್ಳು ಹೇಳಿಲ್ಲಮ್ಮ. ಬಂಡಲ್ ಹೊರೋಕೆ ಹತ್ತು ಜನ ಬೇಕಾದ ಕಡೆ ಐದೇ ಜನ ಇದ್ದಾರೆ ಅಂದ್ಕೊಳ್ಳಿ. ಐದೂ ಜನರ ತಲೆ ಮೇಲೆ ಬಂಡಲ್ ಇದೆ, ಒಬ್ಬರೂ ಖಾಲಿ ಇಲ್ಲ. ಮೇಲಿನ ಅಂಕಿ ಅಷ್ಟನ್ನೇ ಹೇಳುತ್ತೆ. ಎಷ್ಟು ಜನ ಇದ್ದಾರೆ ಅಂತ ಹೇಳಲ್ಲ. ಕೆಲಸ ಮಾತ್ರ ಹತ್ತು ಜನರದ್ದೇ. ಅದಕ್ಕೇ ಹೃದಯ ಆ ಐದು ಜನರನ್ನೇ ಓಡಿಸ್ತಾ ಇದೆ."

"ಬಡಿತ ಕಮ್ಮಿ ಆಗೋ ಗುಳಿಗಿ ಕೊಟ್ಟುಬಿಡ್ರಿ, ಸಾಕು."

"ಅಂಥ ಮಾತ್ರೆ ಇವೆ, ಬೇಕಾದವರಿಗೆ ಕೊಡ್ತೀವಿ. ನಿಮಗೆ ಈಗ ಕೊಟ್ಟರೆ ಓಡೋರ ಕಾಲು ಕಟ್ಟಿದ ಹಾಗೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಹೃದಯವೇ ಸೋತುಬಿಡ್ತಿತ್ತು. ಅದಕ್ಕೆ ಕಾಯಿಲೆ ಇಲ್ಲ. ನಿಮ್ಮನ್ನ ಉಳಿಸೋಕೆ ಒದ್ದಾಡ್ತಿದೆ."

ಹುಲಿಗೆಮ್ಮನ ಕೈ ಎದೆಯ ಮೇಲೆ ಹೋಗಿ ಅಲ್ಲೇ ನಿಂತಿತು.

ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡು ಒಂದು ಬಾಟಲಿ ರಕ್ತ ಕೊಟ್ಟರು. ಆಮೇಲೆ ಕಾಫಿ ಬಣ್ಣದ ಕಬ್ಬಿಣದ ಔಷಧಿಯನ್ನು ಹನಿಹನಿಯಾಗಿ ನರಕ್ಕೆ ಬಿಟ್ಟರು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಂಡಿತು, ಕ್ಯಾನ್ಸರಿನದಲ್ಲ. ರಕ್ತ ಹೋಗುವುದು ತಗ್ಗಲು ಮಾತ್ರೆ ಕೊಟ್ಟರು. ಥೈರಾಯ್ಡ್ ಸರಿಯಿತ್ತು. ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಬೇಕು, ಹಿಂದೆ ಮುಂದೆ ಟೀ ಕುಡಿಯಬಾರದು, ರಕ್ತ ಸರಿಯಾದ ಮೇಲೂ ಮೂರು ತಿಂಗಳು ನಿಲ್ಲಿಸಬಾರದು ಎಂದರು. ಹಂಪಮ್ಮ ಪ್ರತಿಯೊಂದಕ್ಕೂ ಬೆರಳು ಮಡಚಿ ನೆನಪಿಟ್ಟುಕೊಂಡಳು.

ಶೆಡ್ಡಿನಲ್ಲಿ ಮಾಬುನ್ನಿ ಗಾದಿಲಿಂಗಪ್ಪನ ಎದುರು ನಿಂತಳು. "ಅಣ್ಣಾ, ಚಿಂತಿ ಚಿಂತಿ ಅಂತಿದ್ಯಲ್ಲ, ಅದರಾಗ ಪಾಯಖಾನಿ ಚಿಂತಿನೂ ಇತ್ತು. ಅದನ್ನ ನೀನು ವಾಸಿ ಮಾಡಬಹುದು." ಅವನು ಮುಖ ಕೆಂಪಗೆ ಮಾಡಿಕೊಂಡ. ತಿಂಗಳೊಳಗೆ ಮೆಟ್ಟಿಲ ಕೆಳಗೆ ಒಂದು ಬಾಗಿಲು ಬಂತು, ಒಳಗಿನಿಂದ ಚಿಲಕವಿರುವ ಬಾಗಿಲು.

ನೂರಾ ನಾಲ್ಕು. ತೊಂಬತ್ತಾರು. ಎಂಬತ್ತೆಂಟು. ಹಂಪಮ್ಮ ದಿನವೂ ಕೆಳಗಿನದನ್ನೇ ಗಟ್ಟಿಯಾಗಿ ಓದುತ್ತಿದ್ದಳು.

ಮೂರನೆಯ ತಿಂಗಳ ಒಂದು ಮಧ್ಯಾಹ್ನ ಎಪ್ಪತ್ತೆಂಟು ಬರೆದೆ. ಹುಲಿಗೆಮ್ಮ ಅದನ್ನು ನೋಡುತ್ತಲೇ ಕೂತಳು.

"ಅತ್ತಿ, ಇಳದು ಬಿಡ್ತು."

ಆಮೇಲೆ ಅಳತೊಡಗಿದಳು. ಬೆರಳು ನನ್ನ ಬಾಯಲ್ಲೇ ಇತ್ತು. ಅಂಕಿ ಎಂಬತ್ತಾರಾಯಿತು, ತೊಂಬತ್ತೇಳಾಯಿತು, ನೂರಾ ಮೂರಾಯಿತು. ಹಂಪಮ್ಮ ಸಮಾಧಾನ ಹೇಳಲಿಲ್ಲ. ಸೊಸೆಯ ಕಾಲ ಮೇಲೆ ಒಂದು ಕೈ ಇಟ್ಟು, ತಾನೂ ಕಣ್ಣೊರೆಸಿಕೊಂಡಳು. ಬಿಸಿಲು ಹೊಸ್ತಿಲು ದಾಟುವಷ್ಟು ಹೊತ್ತು ಹಾಗೆ ನಡೆಯಿತು. ನಂತರ ತೊಂಬತ್ತು. ಎಂಬತ್ತೆರಡು. ಮತ್ತೆ ಎಪ್ಪತ್ತೆಂಟು.

ಅವತ್ತು ಅವಳ ದುಃಖದ ಅಂಕಿಯನ್ನು ಮೊದಲ ಸಲ ಬರೆದೆ. ಅದು ಏರುತ್ತದೆ, ಇಳಿಯುತ್ತದೆ, ಮತ್ತೊಂದು ದಿನ ಬರುತ್ತದೆ. ರಕ್ತವಿಲ್ಲದ ಬಡಿತಕ್ಕೆ ಇಳಿಯುವುದೇ ಗೊತ್ತಿರಲಿಲ್ಲ. ಇಷ್ಟು ಬೆರಳು ಹಿಡಿದೂ ಈ ವ್ಯತ್ಯಾಸ ನನಗೆ ತಿಳಿದಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬಾಯಿಯ ಸ್ಪ್ರಿಂಗ್ ಸಡಿಲಾಗಿ, ಹಂಪಮ್ಮ ಜೀನ್ಸಿನ ದಾರದಿಂದ ಬಿಗಿದು ಕಟ್ಟಿದ್ದಾಳೆ. ಮೇಲಿನ ಅಂಕಿಯ ಗೆರೆಗಳು ಅರ್ಧ ಸತ್ತಿವೆ; ಅಲ್ಲಿ ಏನಿದೆಯೆಂದು ಯಾರಿಗೂ ಓದಲಾಗದು. ಕೆಳಗಿನದು ಇನ್ನೂ ಕಾಣುತ್ತದೆ. ಹೆಚ್ಚು ದಿನ ಡಬ್ಬಿಯಲ್ಲೇ ಇರುತ್ತೇನೆ, ಗುಂಡಿಗಳ ಜೊತೆ. ಈರಣ್ಣನ ಕಾಲದ ತುಂಡುಗಳು ಒಂದೂ ಉಳಿದಿಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಹುಲಿಗೆಮ್ಮ ತಂದ ಆರು ಇವೆ. ಮುಚ್ಚಳ ತೆರೆದು ಬೆಳಕು ಬಿದ್ದಾಗಲೆಲ್ಲ ಎಣಿಸುತ್ತೇನೆ. ಕೈ ಬರುತ್ತದೆ, ಗುಂಡಿ ತೆಗೆದುಕೊಂಡು ಹೋಗುತ್ತದೆ.

ಸೀಮೆಸುಣ್ಣ ಆರೇ ಇವೆ.