ಜಿನ್ ಓಣಿಯ ಹಾಜರಿ

"ಅಜ್ಜನ ಹೆಸರು ಬರೆದುಬಿಟ್ಟೆ. ಅಜ್ಜಿಯ ಮುಖ ನೋಡಲು ಆಗುತ್ತಿಲ್ಲ" ಎಂದು ವಿದ್ಯಾ ಡೈರಿಯಲ್ಲಿ ಬರೆದಳು. ಯಾರೂ ಇಲ್ಲದಿದ್ದರೂ ಪುಟದ ಮೇಲೆ ಅಂಗೈ ಮುಚ್ಚಿಕೊಂಡಳು.

ಸವಣೂರಿನ ಅಂಚಿನ ಜಿನ್ ಓಣಿಯಲ್ಲಿ ಈಗ ಜಿನ್ ಇಲ್ಲ. ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಯಂತ್ರಗಳು ಗುಜರಿಗೆ ಹೋಗಿ ಹದಿನೈದು ವರ್ಷವಾಯಿತು. ಉಳಿದದ್ದು ಒಂದು ಚಿಮಣಿ, ಅದರ ಸುತ್ತ ಜಾಲಿ. ಅದನ್ನೂ ಕೆಡವುವ ಮೊದಲು ಹಳೆಯ ಕೆಲಸಗಾರರಿಗೆ ಶಾಲು ಹೊದಿಸೋಣವೆಂದು ಓಣಿಯವರು ಹೊರಟರು. ಇತಿಹಾಸ ಓದಿದ ಹುಡುಗಿಯೆಂದು ಹೆಸರಿನ ಪಟ್ಟಿ ವಿದ್ಯಾಳ ಪಾಲಿಗೆ ಬಂತು. ಹಳೆಯ ಹಾಜರಿ ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆಯೇ ಇಳಿಸಿದಳು: ಹೂವಪ್ಪ, ಇಪ್ಪತ್ತೆರಡು ವರ್ಷ.

ಹೂವಪ್ಪಜ್ಜ ಜಿನ್ನಿಗೆ ಹೋದದ್ದು ಮೂರೇ ದಿನ. ಯಂತ್ರದ ಸಪ್ಪಳಕ್ಕೆ ಹೆದರಿ ಮನೆ ಸೇರಿದ. ನಾಲ್ಕನೆಯ ದಿನ ಗುತ್ತೆವ್ವಜ್ಜಿ ಹೋದಳು. ಪುಸ್ತಕದಲ್ಲಿ ಹೆಸರು ತಿದ್ದುವ ಗೋಜಿಗೆ ಹಾಜರಿ ಕೂಗುವ ಮುಕಾದಮ ಹೋಗಲಿಲ್ಲ. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಎತ್ತದ ಹೆಂಗಸು ದಿನಾ ಬೆಳಿಗ್ಗೆ ಆ ಹೆಸರಿಗೇ ಓಗೊಟ್ಟಳು. ಅರಳೆಯ ಧೂಳು ಎದೆಯಲ್ಲಿ ಕೂತು ಕೆಮ್ಮಾಯಿತು. ಅವಳ ಪಾಳಿಯಲ್ಲಿ ದುಡಿದವರೆಲ್ಲ ಮಣ್ಣಾಗಿದ್ದರು, ಗೊತ್ತಿದ್ದದ್ದು ಮನೆಯವರಿಗಷ್ಟೇ.

"ಅಜ್ಜಿ, ನಿನ್ನ ಹೆಸರು ಹಾಕ್ಲೇನು?" ಎಂದು ಪಟ್ಟಿ ಬರೆಯುವ ಹಿಂದಿನ ಸಂಜೆ ವಿದ್ಯಾ ಕೇಳಿದ್ದಳು.

"ಬ್ಯಾಡ ಬಿಡವ್ವಾ. ನಿಮ್ಮಜ್ಜ ಹೊಸಾ ರುಮಾಲು ತಂದಾನ. ಅದರ ಮರ್ಯಾದಿ ಯಾಕ ಕಳೀತಿ?" ಅಜ್ಜಿ ನಕ್ಕಳು. ನಗು ಕೆಮ್ಮಿಗೆ ತಿರುಗಿತು.

ಸನ್ಮಾನದ ದಿನ ಚಿಮಣಿಯ ಕೆಳಗೆ ಶಾಮಿಯಾನ. ಓಣಿಯ ಹಿರಿಯ ಹನುಮಂತಪ್ಪ ಮೈಕು ಕೊಟ್ಟ. "ಜೋರಾಗಿ ಓದವಾ, ಇಲಿ ಹಂಗ ಕಿಚ್‌ಕಿಚ್ ಅನಬ್ಯಾಡ."

ವಿದ್ಯಾ ಓದಿದಳು. "...ಹೂವಪ್ಪ."

"ಹಾಜರ್ರಿ!"

ಹಿಂದಿನ ಸಾಲಿನಿಂದ ಗುತ್ತೆವ್ವಜ್ಜಿ! ಕೂಗಿದ್ದೇ ತಡ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಂದಿ ಗೊಳ್ಳೆಂದರು.

"ಮುದುಕಿಗೆ ಅರಳುಮರಳು ಆಗೇತ್ರಿ," ಎನ್ನುತ್ತ ಅಜ್ಜ ರುಮಾಲು ಸರಿಮಾಡಿಕೊಂಡು ವೇದಿಕೆ ಹತ್ತಿದ. "ಯಾರ ಹೆಸರು ಕೂಗಿದ್ರೂ ಓ ಅಂತಾಳ."

ನಗು ಮತ್ತೊಮ್ಮೆ ಎದ್ದಿತು. ಅಜ್ಜಿ ತಲೆ ತಗ್ಗಿಸಿ ಕೆಮ್ಮತೊಡಗಿದಳು. ಹನುಮಂತಪ್ಪ ಶಾಲು ಬಿಡಿಸಿದ. ವಿದ್ಯಾ ಪಟ್ಟಿ ಮಡಚಿ ಮೈಕು ಬಾಯಿಗೆ ಹಿಡಿದಳು.

"ಅಜ್ಜಗ ಹೊದಸಬ್ಯಾಡ್ರಿ." ತನ್ನ ದನಿ ಮೈಕಿನಲ್ಲಿ ಅಷ್ಟು ದೊಡ್ಡದಾಗಿ ಅವಳು ಕೇಳಿದ್ದು ಅದೇ ಮೊದಲು. "ಇಪ್ಪತ್ತೆರಡು ವರ್ಷ ಜಿನ್ನಿನ್ಯಾಗ ದುಡದಾಕಿ ನಮ್ಮ ಅಜ್ಜಿ."