ಮಗಳ ಖರ್ಚಿನ ಹರಾಜು

ಒಂದೂರಿನಲ್ಲಿ ಒಬ್ಬ ಹರಾಜಿನವನಿದ್ದನಂತೆ. ಅವನು ಬಾಯಿ ತೆರೆದರೆ ಕುಂಟು ಕುರ್ಚಿಗೂ ಸಿಂಹಾಸನದ ಗತ್ತು ಬರುತ್ತಿತ್ತಂತೆ. ಅವನ ಹೆಂಡತಿ ಟೈಲರ್. ಅವನು ದಿನವಿಡೀ ಕೂಗುವವನು, ಅವಳು ದಿನವಿಡೀ ಗುಂಡುಪಿನ್ನು ಕಚ್ಚಿಕೊಂಡು ಬಾಯಿ ಬಿಗಿದವಳು. ಹೇಗೆ ತಾನೇ ಹೊಂದೀತು? ಬೇರೆಯಾದರು. ಮಗಳು ಅಮ್ಮನ ಬಳಿ ಉಳಿದಳು.

ಹೊಲಿಗೆಯೊಂದರಿಂದಲೇ ಬಾಡಿಗೆ ಕಟ್ಟಲಾಗದು. ಮನೆ ಬಿಟ್ಟರೆ ಮಗಳ ಶಾಲೆಯೂ ತಪ್ಪುತ್ತದೆ. "ಇವತ್ತು ತೀರ್ಮಾನ ಮಾಡಿಸ್ಕೊಂಡೇ ಬರ್ತೀನಿ ಪುಟ್ಟಿ" ಎಂದು ಮಗಳಿಗೆ ಮಾತು ಕೊಟ್ಟು, ಟೈಲರ್ ಅಂದು ನ್ಯಾಯಾಲಯದ ಸಂಧಾನದ ಕೋಣೆಗೆ ಬಂದು ಕೂತಿದ್ದಳು.

ಸಂಧಾನದ ಮೇಡಂ ಇಬ್ಬರ ಆದಾಯವನ್ನೂ ನೋಡಿಕೊಂಡು ಕೇಳಿದರು: "ಮಗಳಿಗೆ ತಿಂಗಳಿಗೆ ಎಷ್ಟು ಕೊಡ್ತೀರಿ?"

"ಎರಡು ಸಾವಿರ," ಎಂದ ಹರಾಜಿನವನು, ಕಿಟಕಿ ನೋಡುತ್ತ.

ಟೈಲರಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ಅಲ್ರೀ, ಏನು ಎತ್ತ ಅಂತ ಹೇಳ್ದೆ ನೇರ ಬೆಲೆ ಕೂಗ್ತೀರಲ್ಲ, ಇದ್ಯಾವ ಸೀಮೆ ಹರಾಜು? ಹಳೇ ಗಡಿಯಾರಕ್ಕಾದ್ರೂ ನಾಲ್ಕು ಮಾತಾಡ್ತಿದ್ರಿ!"

ಅವನ ಕಿವಿ ಕೆಂಪಾಯಿತು. ತನ್ನನ್ನು ಏನಂದರೂ ಸಹಿಸಿಯಾನು, ಕಸುಬನ್ನು ಅಂದರೆ? ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ನೋಡಿ ಮೇಡಂ! ಎಂಟು ವರ್ಷದ ಹುಡುಗಿ! ಎರಡೂ ಕೈ ಬಿಟ್ಟು ಸೈಕಲ್ ಹೊಡೀತಾಳೆ! ನಗೋಕೆ ಶುರು ಮಾಡಿದ್ರೆ ಬಿಕ್ಕಳಿಕೆ ಬರೋವರೆಗೂ ನಿಲ್ಲಿಸಲ್ಲ! ಲೋಕದಲ್ಲೇ ಒಂದೇ ಒಂದು! ನಾಲ್ಕು ಸಾವಿರ!"

"ಶೂ ತಂದ ತಿಂಗಳಿಗೇ ಬಿಗಿಯಾಗತ್ತೆ," ಎಂದಳು ಟೈಲರ್ ಮೆಲ್ಲಗೆ.

"ಬೆಳೆಯೋ ಕಾಲು ಮೇಡಂ! ಐದು!"

"ಪೆನ್ಸಿಲ್ ಒಂದೂ ಉಳಿಸಲ್ಲ, ಎಲ್ಲಾ ಕಳೀತಾಳೆ."

"ಕಳೆಯೋದಲ್ಲ, ದಾನ ಮಾಡೋದು! ಆರು!"

ಪಕ್ಕದ ಕೋಣೆಯ ಗುಮಾಸ್ತರು ಬಾಗಿಲಲ್ಲಿ ಇಣುಕಿದರು. ಕೇಳುವ ಕಿವಿಗಳು ಸಿಕ್ಕ ಮೇಲೆ ಕೇಳಬೇಕೆ? ಎಂಟು, ಹತ್ತು, ಹನ್ನೆರಡು ಎಂದು ಅವನು ತನ್ನ ಮೇಲೆ ತಾನೇ ಏರಿಸುತ್ತ ಹೋದ.

"ಇಳೀರಿ ಸ್ವಾಮಿ, ಇಳೀರಿ!" ಮೇಡಂ ನಗು ತಡೆಯಲಾರದೆ ಮೇಜು ಹಿಡಿದುಕೊಂಡರು. "ನೀವೂ ಊಟ ಮಾಡ್ಬೇಕಲ್ಲ? ಮಗುವಿನ ಖರ್ಚು, ಇಬ್ಬರ ದುಡಿಮೆ ನೋಡಿದ್ರೆ ಏಳು ಸಾವಿರ ಸರಿಹೋಗತ್ತೆ."

"ನನ್ನ ಮಗಳ ಬೆಲೆ ಇಳಿಸೋದಾ?"

"ಇಳಿಸ್ತಿರೋದು ಅವಳನ್ನಲ್ಲ, ನಿಮ್ಮನ್ನ," ಎಂದಳು ಟೈಲರ್. ಏಳಾದರೆ ಮನೆಯೂ ಉಳಿಯಿತು, ಶಾಲೆಯೂ ಉಳಿಯಿತು. ಅವಳಿಗೂ ನಗು ಒತ್ತರಿಸಿ ಬರುತ್ತಿತ್ತು. "ಏಳು ಸಾಕು. ಯಾವ ತಿಂಗಳೂ ತಪ್ಪಬಾರದು, ಅಷ್ಟೇ."

ಅವನು ಅವಳನ್ನೇ ನೋಡಿದ. "ಕೂಗಿದ ಮೇಲೆ ನಾನ್ಯಾವತ್ತು ಹಿಂದೆ ಸರಿದಿದ್ದೀನಿ ಹೇಳೇ? ಏಳು ಒಂದನೇ ಸಲ. ಏಳು ಎರಡನೇ ಸಲ..." ಕೈ ಸುತ್ತಿಗೆಗಾಗಿ ತಡಕಾಡಿತು. ಮೇಡಂ ಸ್ಟೇಪ್ಲರ್ ಮುಂದೆ ತಳ್ಳಿದರು.

"ಮೂರನೇ ಸಲ!"

ಮೇಜಿನ ಮೇಲಿನ ಪೆನ್ನುಗಳೆಲ್ಲ ಕುಣಿದವು. ಉರುಳಿ ಬಂದ ಒಂದನ್ನು ಹಿಡಿದು ಅವನು ಸಹಿ ಹಾಕಿದ. ಅದೇ ಪೆನ್ನಿನಲ್ಲಿ ಅವಳೂ ಹಾಕಿದಳು. ಮೇಡಂ ಮೊಹರು ಒತ್ತಿದರು.